ಹೊಳೆಯಲ್ಲಿ ನಿಂತ ಭಾವನಿಗೆ ಬಂದ ಫೋನುಗಳು

ನನ್ನ ಭಾವನ ಜೀವ ಉಳಿಸಿದ್ದು ನಾನು. ಅಲ್ಲ, ತಾನು ಅನ್ನುತ್ತಾರೆ ನಾಗಮಂಗಲದ ಚಿಕ್ಕಮ್ಮ. ಕೆ.ಆರ್. ಪೇಟೆಯ ಮಾವ ಈ ಕತೆ ಹೇಳುವಾಗಲಂತೂ ನಾವಿಬ್ಬರೂ ಅದರಲ್ಲಿ ಇರುವುದೇ ಇಲ್ಲ! (ಭಾವ ಉಳಿದಿದ್ದಾರೆ ಅನ್ನುವುದೊಂದರಲ್ಲಿ ಮಾತ್ರ ಎಲ್ಲರ ನೆನಪೂ ಒಂದೇ. ಸದ್ಯ.)

ನಡೆದದ್ದು ಇಷ್ಟು. ಇಷ್ಟೇ ಎಂದು ಆಣೆ ಮಾಡಲಾರೆ.

ಹೋದ ವಾರ ಬೆಳಿಗ್ಗೆ ಕನ್ನಂಬಾಡಿ ಕಟ್ಟೆಯಿಂದ ಹೊಳೆಗೆ ಹೆಚ್ಚು ನೀರು ಬಿಡುವ ಸುದ್ದಿ ಬಂತು. ನನ್ನ ಅಕ್ಕ-ಭಾವ ಅರಕೆರೆ ಕಡೆಯವರು. ಹೊಳೆಯಂಚಿನಲ್ಲಿ ಗದ್ದೆ. ಪಂಪಿನ ಮೋಟಾರು ಹೊಳೆಯೊಳಗಿನ ಬಂಡೆಯ ಮೇಲೆ. ನೀರು ಬರುತ್ತದೆಂದರೆ ಊರವರೆಲ್ಲ ಹೊಳೆ ಬಿಟ್ಟು ಮೇಲೆ ಬರುತ್ತಾರೆ. ಮೋಟಾರು ಇಟ್ಟವರು ಕೆಳಗೆ ಇಳಿಯುತ್ತಾರೆ. ಬಿಚ್ಚಿ ತರಬೇಕಲ್ಲ? ಭಾವನೂ ಇಳಿದರು.

ಪಾಂಡವಪುರದ ಮನೆಯಿಂದ ಫೋನ್ ಮಾಡಿದೆ. ಬಿಜಿ. ಮತ್ತೆ ಮಾಡಿದೆ. ಬಿಜಿ. ಕೊನೆಗೂ ಸಿಕ್ಕರು. ಅವರ ದನಿಯ ಹಿಂದೆ ನೀರಿನ ಸದ್ದು.

“ಭಾವ, ಕಟ್ಟೇಲಿ ನೀರು ಬುಟ್ಟವ್ರಂತೆ! ಬೇಗ ಮೇಲಕ್ಕೆ ಬನ್ನಿ!”

“ಗೊತ್ತು ಕಣ್ಲಾ. ನಿಮ್ ಚಿಕ್ಕಮ್ಮ ಈಗ್ತಾನೆ ಅದ್ನೇ ಹೇಳುದ್ರು. ತಿಂಡಿ ಆಯ್ತಾ ಅಂತ್ಲೂ ಕೇಳುದ್ರು.”

“ಮೋಟ್ರು ಬಿಚ್ಚುದ್ರಾ?”

“ಎಲ್ಲಿ ಬಿಚ್ಲಿ? ಒಂದು ಬೋಲ್ಟು ತಿರುಗಿಸ್ತೀನಿ, ಫೋನು. ಇನ್ನೊಂದಕ್ಕೆ ಕೈ ಇಕ್ತೀನಿ, ಫೋನು. ಅದಿರ್ಲಿ, ನಿನ್ ಮಂಡಿನೋವು ಎಂಗದೆ?”

ಕೇಳಿದರಲ್ಲ, ಹೇಳಿದೆ. (ಹೇಳಬೇಡವೇ?) ವಿವರವಾಗಿಯೇ ಹೇಳುತ್ತಿದ್ದೆ. ಲೈನು ಕಟ್ಟಾಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಅಕ್ಕನಿಗೆ ಮಾಡಿದೆ. “ಅವ್ರಿನ್ನೂ ಬಂದಿಲ್ಲ ಕಣ್ಲಾ” ಎಂದಳು. ಅಷ್ಟೇ. ಬೈಕು ಹತ್ತಿದೆ. ಶ್ರೀರಂಗಪಟ್ಟಣದ ಸೇತುವೆ ಮೇಲೆ ಹೋಗುವಾಗ ಕೆಳಗಿನ ನೀರನ್ನು ನೋಡಲಿಲ್ಲ. ನೋಡುವ ಧೈರ್ಯ ಬರಲಿಲ್ಲ.

ಹೋದರೆ ಭಾವ ಜಗುಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಾರೆ! ಪಕ್ಕದಲ್ಲಿ ಮೋಟಾರು. ನಾನೂ ಅಲ್ಲೇ ಕೂತೆ. ಅಕ್ಕ ಅಳುತ್ತಾ ನಗುತ್ತಾ ನನಗೂ ಒಂದು ಲೋಟ ಕೊಟ್ಟಳು.

“ಫೋನು ನೀರಿಗೆ ಬಿತ್ತು ನೋಡು,” ಎಂದರು ಭಾವ, “ಎರಡು ಕೈಯೂ ಬಿಡುವಾದೋ. ಬಿಚ್ಚುದ್ದೇ ಬಂದ್ಬುಟ್ಟೆ.”

“ದಡದಲ್ಲಿ ಮೈಕಿನ ಆಟೋದವ್ರು ನೀರು ಬತ್ತದೆ ಅಂತ ಕೂಗ್ಲಿಲ್ವಾ?”

“ಕೂಗಿದ್ರಂತೆ. ಒಂದು ಕಿವೀಲಿ ನೀನಿದ್ದೆ. ನೀ ಹೇಳೋದು ಕೇಳ್ಸಲಿ ಅಂತ ಇನ್ನೊಂದಕ್ಕೆ ಬೆರಳು ಇಕ್ಕೊಂಡಿದ್ದೆ.”

ಆಗ ನೀರು ಮಂಡಿಯವರೆಗಿತ್ತಂತೆ. ಅಕ್ಕನ ಪ್ರಕಾರ ಸೊಂಟ. ನಾನು ಹೇಳುವಾಗ ಈಗಾಗಲೇ ಎದೆಗೆ ಏರಿಸಿದ್ದೇನೆ.

ಆಪತ್ತು ಎದುರಿಸುವುದೆಂದರೆ ದೋಣಿ, ಹಗ್ಗ, ಸೈರನ್ನು ಎಂದುಕೊಂಡಿದ್ದೆ. ಯಾರು ಮಾತಾಡಬೇಕು, ಯಾರು ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕೆಂದು ನಮಗೆ ಹೊಳೆದೇ ಇರಲಿಲ್ಲ. ಎಲ್ಲರಿಗೂ ಪ್ರೀತಿಯಿತ್ತು. ಎಲ್ಲರ ಬಳಿಯೂ ಫೋನಿತ್ತು. ಪ್ಲಾನ್?

ಅದನ್ನು ಅಕ್ಕ ಮಾಡಿದಳು. “ಇನ್ಮೇಲೆ ಹೊಳೆ ಬಂದ್ರೆ ಅವ್ರಿಗೆ ಒಬ್ರೇ ಫೋನ್ ಮಾಡೋದು. ಮಿಕ್ಕೋರೆಲ್ಲ ನನ್ ಕೇಳಿ.”

ಎಲ್ಲರೂ ಒಪ್ಪಿದೆವು. ಖುಷಿಗೆ ಎಲ್ಲರೂ ಸೇರಿ ಭಾವನಿಗೆ ಹೊಸ ಫೋನನ್ನೂ ಕೊಡಿಸಿದೆವು. ನೀರಿಗೆ ಬಿದ್ದರೂ ಕೆಡದಂಥದ್ದು!

ಆ ಒಬ್ಬರು ಯಾರಾಗಬೇಕೆಂದು ಕೇಳೋಣವೆಂದು ನಿನ್ನೆ ಆ ಫೋನಿಗೆ ಮಾಡಿದೆ. ಬಿಜಿ.