ಗ್ರಹಣದ ಬೆಲ್ಲ

ಅಪ್ಪನಿಗೆ ಒಂದು ಪೂರ್ತಿ ಸೂರ್ಯಗ್ರಹಣ ತೋರಿಸಬೇಕೆಂಬ ಹಟ ನನಗೆ ಬಹಳ ವರ್ಷ ಇತ್ತು. ಅವನ ಪಾಲಿಗೆ ಬಂದಿದ್ದ ಒಂದೇ ಒಂದು ಗ್ರಹಣ ತಪ್ಪಿಹೋದದ್ದು ನನ್ನಿಂದ. ಹಾಗೆಂದು ಅವನೇ ಹೇಳುತ್ತಿದ್ದ, ನಗುತ್ತಲೇ. ಮನೆಗೆ ಬಂದವರ ಮುಂದೆಲ್ಲ "ಇವಳ ದೆಸೆಯಿಂದ ನಂಗೆ ಸೂರ್ಯ ತಪ್ಪೋದ" ಅಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಗ ನಾನು ಹುಟ್ಟಿಯೂ ಇರಲಿಲ್ಲ.

ಅಪ್ಪ ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ವೆಲ್ಡರ್. ಮದುವೆಯಾದ ಹೊಸತರಲ್ಲಿ ಅವನನ್ನು ಕೆಲವು ತಿಂಗಳ ಕೆಲಸಕ್ಕೆಂದು ರಾಯಚೂರು ಕಡೆಯ ಹಟ್ಟಿ ಚಿನ್ನದ ಗಣಿಗೆ ಕಳಿಸಿದ್ದರು. ತವರೂರು ಕ್ಯಾಸಂಬಳ್ಳಿಯಿಂದ ಬಂಗಾರಪೇಟೆ ಸಂತೆಯ ಆಚೆಗೆ ಎಂದೂ ಹೋಗದಿದ್ದ ಅಮ್ಮನೂ ಜೊತೆಗೆ ಹೋದಳು. ಅವರು ಅಲ್ಲಿರುವಾಗಲೇ ಆ ಊರಿನ ಮೇಲೆ ಹಾಡಹಗಲಲ್ಲಿ ಕತ್ತಲಾಗುವ ಗ್ರಹಣ ಬಂತು. ಅಪ್ಪ ವೆಲ್ಡಿಂಗ್ ಹೆಲ್ಮೆಟ್ಟಿನ ಕಪ್ಪು ಗಾಜುಗಳನ್ನು ಒಂದರ ಮೇಲೊಂದು ಇಟ್ಟು, ದಾರ ಸುತ್ತಿ, ವಾರದ ಮುಂಚೆಯೇ ತಯಾರಾಗಿದ್ದ. ಆದರೆ ಅಮ್ಮ ಬಸುರಿ. "ಬಸುರಿ ಹೆಣ್ಮಗಳು ಹೊರಗ ಬರಬಾರದವ್ವ" ಅಂದ ಮನೆಯೊಡತಿ ಕಿಟಕಿಗೆ ಗೋಣಿ ಕಟ್ಟಿಸಿ, ಬಾಗಿಲ ಸಂದಿಗೆ ಹಳೆ ಸೀರೆ ತುರುಕಿಸಿದಳಂತೆ. ಮಾತೂ ಸರಿಯಾಗಿ ತಿಳಿಯದ ಊರಿನಲ್ಲಿ ಒಬ್ಬಳೇ ಕತ್ತಲಲ್ಲಿ ಕೂರಲು ಅಮ್ಮನಿಗೆ ಭಯ. ಅಪ್ಪನ ಕೈ ಹಿಡಿದವಳು ಬಿಡಲಿಲ್ಲ. ಗಾಜು ಜೇಬಿನಲ್ಲೇ ಉಳಿಯಿತು.

ಆ ಜೋಡಿ ಗಾಜನ್ನು ಅಪ್ಪ ಎಸೆಯಲಿಲ್ಲ. ಆಮೇಲೆ ಕೆಜಿಎಫ್‌ನ ಉರಿಗಾಂನಲ್ಲಿ ನಾವಿದ್ದಾಗ ಕಾಲು, ಅರ್ಧ ಗ್ರಹಣಗಳು ಬಂದವು. ಬೀದಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಬರಿಗಣ್ಣಲ್ಲಿ ಮೇಲೆ ನೋಡಿದವರ ತಲೆಗೆ ಮೊಟಕಿ, ಒಬ್ಬೊಬ್ಬರಿಗೂ ಅವನೇ ಗಾಜು ಹಿಡಿದು ತೋರಿಸುತ್ತಿದ್ದ. ಕೊನೆಗೆ ತಾನೂ ನೋಡಿ "ಇದೆಲ್ಲ ಸುಮ್ನೆ. ಪೂರ್ತಿ ಮುಚ್ಚಬೇಕು, ಆಗ ನೋಡಬೇಕು" ಅನ್ನುತ್ತಿದ್ದ. ತಾನೇ ನೋಡಿರದ ವಸ್ತುವಿನ ಬಗ್ಗೆ ಅವನಿಗೆ ಅಷ್ಟು ಜಂಬ.

ಅಮ್ಮನದು ಇನ್ನೊಂದು ಲೋಕ. ಗ್ರಹಣ ಅಂದರೆ ಉಪ್ಪಿನಕಾಯಿ ಜಾಡಿಗೆ ದರ್ಭೆ, ನೀರಿನ ಕೊಡಕ್ಕೆ ದರ್ಭೆ, ಬಿಡುವ ತನಕ ಯಾರ ಬಾಯಿಗೂ ಒಂದು ಗುಟುಕು ನೀರಿಲ್ಲ. ಆಮೇಲೆ ತಲೆಗೆ ಸ್ನಾನ, ಮನೆಯೆಲ್ಲ ಸಾರಿಸಿ, ಹೊಸದಾಗಿ ಒಲೆ ಹಚ್ಚಿದರೆ ಊಟ. ಹಸಿವಿಗೆ ನಾನು ಅತ್ತರೂ ಅವಳು ಕರಗುತ್ತಿರಲಿಲ್ಲ. ಅಪ್ಪ ಮೀಸೆಯಡಿ ನಗುತ್ತಾ ಕೂತಿರುತ್ತಿದ್ದ. ಅಪ್ಪ ಯಾಕೆ ನಗುತ್ತಾನೆ ಎಂದು ನಾನು ಕೇಳಲಿಲ್ಲ. ನಾನು ದೊಡ್ಡವರ ಮಾತು ಮೀರದ ಹುಡುಗಿ, ಅಮ್ಮನ ಪಕ್ಷ.

ನಾನು ಚೊಚ್ಚಲ ಬಾಣಂತನಕ್ಕೆ ಬಂದಿದ್ದ ಮಳೆಗಾಲದಲ್ಲಿ ಉತ್ತರದ ಕಡೆ ಮತ್ತೊಂದು ಪೂರ್ತಿ ಗ್ರಹಣವಿತ್ತು. ಅಪ್ಪ ಯಾರಿಗೂ ಹೇಳದೆ ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿ ಟಿಕೆಟ್ ಮಾಡಿಸಿದ್ದ. ಡಾಕ್ಟರು ನನಗೆ ಕೊಟ್ಟ ದಿನ ಅದರ ಆಸುಪಾಸೇ ಎಂದು ತಿಳಿದ ಮೇಲೆ ಯಾರಿಗೂ ಹೇಳದೆಯೇ ರದ್ದು ಮಾಡಿಸಿದ. ಹೀಗೆ ಎರಡನೆಯ ಸಲವೂ ಅಡ್ಡ ಬಂದವಳು ನಾನೇ ಎಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

ನಮ್ಮ ಕಡೆ ಆ ಗ್ರಹಣ ಕಾಣುವುದು ಬೆಳಿಗ್ಗೆ ಸ್ವಲ್ಪವೇ ಎಂದಿದ್ದರೂ ಅಮ್ಮ ನನ್ನನ್ನು ಒಳಕೋಣೆಗೆ ಹಾಕಿ ಬಾಗಿಲೆಳೆದಳು. ಹೊಟ್ಟೆ ತುಂಬ ಮಗು, ಮಗುವಿನ ಸುತ್ತ ಹಸಿವು. ಸ್ವಲ್ಪ ಹೊತ್ತಾದ ಮೇಲೆ ಮಗ್ಗುಲಾಗಲು ಹೋದಾಗ ದಿಂಬಿನ ಪಕ್ಕ ಏನೋ ಕೈಗೆ ತಾಗಿತು. ಕಾಗದದಲ್ಲಿ ಸುತ್ತಿದ ಒಂದು ಉಂಡೆ ಬೆಲ್ಲ. ಅಮ್ಮ ಹಾಸಿಗೆ ಹಾಸುವಾಗ ಮರೆತಿರಬೇಕು ಅಂದುಕೊಂಡೆ. ಬಾಯಲ್ಲಿ ನೀರೂರಿದರೂ ಮುಟ್ಟಲಿಲ್ಲ. ಗ್ರಹಣ ಬಿಟ್ಟ ಮೇಲೆ ಬಾಗಿಲು ತೆಗೆದರೆ ಅಮ್ಮ ಅಲ್ಲೇ ಹೊಸಿಲ ಪಕ್ಕ ನಿಂತಿದ್ದಳು. "ಅಮ್ಮ, ಬೆಲ್ಲ ಇಲ್ಲೇ ಬಿಟ್ಟಿದ್ದೆ ನೋಡು" ಎಂದು ಅವಳ ಕೈಗಿಟ್ಟೆ. ನನ್ನ ಮುಖ ಒಂದು ಗಳಿಗೆ ನೋಡಿ ಅಡುಗೆಮನೆಗೆ ಹೋದಳು. ನನ್ನ ಶಿಸ್ತಿಗೆ ಮೆಚ್ಚಿದಳು ಎಂದೇ ನಾನು ತಿಳಿದೆ.

ಅದಾಗಿ ಕೆಲವು ವರ್ಷಕ್ಕೆ ಅಮ್ಮ ಹೋದಳು. ಅಪ್ಪ ಬಂಗಾರಪೇಟೆಗೆ, ನಮ್ಮ ಮನೆಗೆ ಬಂದ. ಸಕ್ಕರೆ ಕಾಯಿಲೆ ಮೆಲ್ಲಗೆ ಅವನ ಕಣ್ಣಿಗಿಳಿಯಿತು. ಮೊದಲು ಪೇಪರಿನ ಅಕ್ಷರ, ಆಮೇಲೆ ಬಸ್ಸಿನ ಬೋರ್ಡು, ಆಮೇಲೆ ನನ್ನ ಮುಖ.

ಆ ಡಿಸೆಂಬರಿನಲ್ಲಿ ಕೊಯಮತ್ತೂರಿನ ಕಡೆ ಸೂರ್ಯ ಬಳೆಯ ಹಾಗೆ ಕಾಣುವ ಗ್ರಹಣ ಇದೆ, ರೈಲಿನಲ್ಲಿ ಹೋಗಿಬರೋಣ ಅಂದೆ. ಪೂರ್ತಿ ಗ್ರಹಣವಲ್ಲದಿದ್ದರೂ ಅದಕ್ಕಿಂತ ಹತ್ತಿರದ್ದು ಇನ್ನು ಅವನ ಕಾಲದಲ್ಲಿ ಬರುವಂತಿರಲಿಲ್ಲ.

"ಕಾಣ್ದೋನಿಗೆ ಕೊಯಮತ್ತೂರಾದ್ರೇನು, ಉರಿಗಾಂ ಆದ್ರೇನು? ಉರಿಗಾಂಗೇ ಕರ್ಕಂಡು ಓಗು" ಅಂದ. ಅವನು ಅದನ್ನು ತಮಾಷೆಗೆಂದೇ ಹೇಳಿದ್ದು. ನಾನು ಬಚ್ಚಲಿಗೆ ಹೋಗಿ ಅತ್ತು ಬಂದೆ.

ಗ್ರಹಣದ ದಿನ ಬೆಳಿಗ್ಗೆ ಉರಿಗಾಂ ಮೇಲೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದೆವು. ಡಬ್ಬಿಯಲ್ಲಿ ನಾವಿಬ್ಬರೇ ಅಂದರೂ ನಡೆಯುತ್ತದೆ. ಉರಿಗಾಂನಲ್ಲಿ ಇಳಿದು ಹಳೆಯ ಮನೆಯ ಬೀದಿಗೆ ಬಂದಾಗ ನಮ್ಮ ಪಕ್ಕದ ಮನೆಯಾಕೆ ಬಾಗಿಲ ಸಂದಿಯಿಂದ ಇಣುಕಿ ಗದರಿದಳು. "ಏನಣ್ಣ, ಗ್ರಾಣ ಇಡಿಯೋ ಒತ್ನಾಗೆ ಈಚೆ ಬಂದಿದ್ದೀಯ? ಒಳೀಕ್ ಬಾ." ಅವಳ ನಡುಮನೆಯಲ್ಲಿ ಅರಿಸಿನ ನೀರಿನ ತಟ್ಟೆಯೊಳಗೆ ಒನಕೆ ನೆಟ್ಟಗೆ ನಿಂತಿತ್ತು. ಗ್ರಹಣ ಇರುವಷ್ಟು ಹೊತ್ತೂ ಅದು ಬೀಳದೆ ನಿಲ್ಲುತ್ತದೆಂದು ನಂಬಿಕೆ. ಅಪ್ಪ "ನನ್ನ ಒನಕೆ ಇವಳೇ" ಎಂದು ನನ್ನ ಹೆಗಲು ಹಿಡಿದು ಮುಂದೆ ನಡೆದ.

ಬಯಲಿನ ಅಂಚಿನ ಹೊಂಗೆ ಮರದ ಕಟ್ಟೆಯ ಮೇಲೆ ಕೂತೆವು. ಎದುರಿಗೆ ಗಣಿಯ ಬೂದು ಮಣ್ಣಿನ ಗುಡ್ಡ. ಅಪ್ಪ ಜೇಬಿನಿಂದ ಹಳೆಯ ಗಾಜು ತೆಗೆದು ನನಗೆ ಕೊಟ್ಟು, "ನೋಡಿ ಏಳು" ಅಂದ. ನಾನು ಹೇಳುತ್ತಾ ಹೋದೆ: ಮೇಲಿನಿಂದ ಕಚ್ಚಿದ ಹಾಗಿದೆ, ಈಗ ಅರ್ಧ ಹೋಯಿತು, ಈಗ ಕುಡುಗೋಲಿನಷ್ಟೇ ಉಳಿದಿದೆ. ಬಿಸಿಲು ವೋಲ್ಟೇಜ್ ಕಡಿಮೆಯಾದ ಬಲ್ಬಿನಂತೆ ಪೇಲವವಾಯಿತು. ಎಲೆಗಳ ಸಂದಿನಿಂದ ಬಿದ್ದ ಬೆಳಕು ಅಪ್ಪನ ಬಿಳಿ ಅಂಗಿಯ ಮೇಲೆ ನೂರಾರು ಸಣ್ಣ ಕುಡುಗೋಲುಗಳಾಗಿತ್ತು. ಅದನ್ನೂ ಹೇಳಿದೆ. ಅವನು ಎದೆ ಮುಟ್ಟಿ ನೋಡಿಕೊಂಡ.

"ತಣ್ಣಗಾತು. ಕಾಗೆ ಸದ್ದು ನಿಂತೋತು" ಅಂದ. "ಅವತ್ತೂ ಇಂಗೇ. ಕೋಳಿಗಳು ಗೂಡಿಗೆ ಓದ್ವು, ದನ ವಾಪಸ್ ಬಂದ್ವು, ಆಮೇಲೆ ಒಂದೂ ಸದ್ದಿಲ್ಲ. ಆವಾಗ ಕತ್ಲಾಗೆ ಏನೋ ಕಟಕಟ ಅಂತು. ನಿಮ್ಮಮ್ಮ ಅಲ್ಲು ಕಡೀತಾ ಅಳ್ತಾವ್ಳೆ ಅನ್ಕಂಡೆ."

ಅಂಗಿಯ ಇನ್ನೊಂದು ಜೇಬಿಗೆ ಕೈ ಹಾಕಿದ. ಕಾಗದದಲ್ಲಿ ಸುತ್ತಿದ ಬೆಲ್ಲ.

"ಸೆರಗ್ನಾಗೆ ಕಟ್ಕಂಡಿದ್ಲು ಕಳ್ಳಿ. ಅರ್ದ ಕಡ್ದು ನನ್ನ ಬಾಯಿಗಿಟ್ಟು, ಸುಮ್ನೆ ತಿನ್ನು, ಸೂರ್ಯನ್ಗೇ ಕಾಣ್ಸಲ್ಲ ಅಂದ್ಲು. ಇಬ್ರೂ ಬಾಯಿ ಮುಚ್ಕಂಡು ನಕ್ವಿ. ಸೂರ್ಯ ತಪ್ಪೋದ ಅಂತ ನಿನ್ನ ರೇಗಿಸ್ತಿದ್ನಲ್ಲ, ನಂಗೇನೂ ತಪ್ಪಿಲ್ಲ ಕಣಮ್ಮ."

ಅವನು ಬೆಲ್ಲ ಮುರಿದು ಅರ್ಧ ನನ್ನ ಕೈಗಿಟ್ಟ. "ನಿಂಗೂ ಒಂದ್ಸಲ ಮಡಗಿದ್ಲಂತೆ. ನೀನು ಒಳ್ಳೆ ಉಡ್ಗಿ, ತಂದು ಕೈಗೆ ಕೊಟ್ಯಂತೆ. ಮಗ್ಳು ನನ್ನಂಗಿಲ್ಲ ಅಂತ ರಾತ್ರಿಯೆಲ್ಲ ಒಂಥರಾ ಇದ್ಲು."

ಬೆಲ್ಲ ತಿಂದೆ. ಸೂರ್ಯ ಮತ್ತೆ ಬಿಡಿಸಿಕೊಳ್ಳುತ್ತಿದ್ದ, ನಾನು ನೋಡಲಿಲ್ಲ.

ಈಗ ಅಪ್ಪನೂ ಇಲ್ಲ. ಗಾಜು ನನ್ನ ಬೀರುವಿನಲ್ಲಿದೆ. ಪೂರ್ತಿ ಗ್ರಹಣ ನೋಡಬೇಕೆಂಬ ಆಸೆ ನನಗೆ ಉಳಿದಿಲ್ಲ. ಒಂದರ ಕೆಳಗೆ ನಾನೂ ಇದ್ದೆ, ಅಮ್ಮನ ಹೊಟ್ಟೆಯಲ್ಲಿ, ಆ ಬೆಲ್ಲದಲ್ಲಿ ನನಗೂ ಪಾಲು ಸಿಕ್ಕಿರಬೇಕು. ನನಗೆ ಬೇಕಿರುವುದು ಆ ಮಳೆಗಾಲದ ಬೆಳಗು. ಒಳಕೋಣೆಯ ಕತ್ತಲು, ದಿಂಬಿನ ಪಕ್ಕದ ಆ ಉಂಡೆ. ಬಾಗಿಲಾಚೆ ಅಮ್ಮ ಅಷ್ಟು ಹೊತ್ತೂ ನಿಂತಿದ್ದಳು, ನಾನು ಕಡಿಯುವ ಸದ್ದು ಕೇಳಲೆಂದು.