ಯೋಗೀಶ್ ಆರಿಸಿದ ಗಣಿತ

ನೊಣವಿನಕೆರೆಯ ಯೋಗೀಶ್ ಕೊಬ್ಬರಿ ವ್ಯಾಪಾರಿ. ಒಣಗಿದ ಕಾಯಿಯನ್ನು ಕಿವಿಯ ಪಕ್ಕ ಹಿಡಿದು, ಕಣ್ಣು ಮುಚ್ಚಿ, ಒಮ್ಮೆ ಅಲ್ಲಾಡಿಸಿದನೆಂದರೆ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳಿಬಿಡುತ್ತಾನೆ. ಹೇಳಿದ್ದು ತಪ್ಪುವುದು ಕಡಿಮೆ. ತೊಂದರೆಯೆಂದರೆ, ಈ ಕಿವಿ ಕಾಯಿಗೆ ಮಾತ್ರ ಸಾಕು ಎಂಬುದನ್ನು ಅವನು ಒಪ್ಪುವುದಿಲ್ಲ. ಮಿಕ್ಸಿ, ಮದುವೆ ಗಂಡು, ಹಲ್ಲಿನ ಡಾಕ್ಟರು, ಏನನ್ನು ಆರಿಸುವುದಿದ್ದರೂ ಊರಿನವರು ತನ್ನನ್ನು ಕೇಳಬೇಕು. ಕೇಳದಿದ್ದರೂ ಹೇಳುತ್ತಾನೆ.

ಅವನ ಆರು ವರ್ಷದ ಮಗಳು ವರ್ಷಿಣಿ ವ್ಯಾನಿನಲ್ಲಿ ತಿಪಟೂರಿನ ಶಾಲೆಗೆ ಹೋಗುತ್ತಿದ್ದಳು. ಲೆಕ್ಕದ ಪೀರಿಯಡ್ಡಿಗೆ ಹೆದರಿ ದಿನಾ ಬೆಳಿಗ್ಗೆ ಹೊಟ್ಟೆನೋವು ಅನ್ನತೊಡಗಿದಳು. ಬಿ.ಎಸ್ಸಿ. ಓದಿದ್ದ ತಾಯಿ ಜೀವಿತಾ, "ಒಂದು ವರ್ಷ ಮನೇಲಿ ನಾನೇ ಕಲಿಸ್ತೀನಿ" ಎಂದು ಪಟ್ಟು ಹಿಡಿದಳು.

ಮನೆಯ ಯಜಮಾನರಾದ ಮಾವ ಶಂಭುಲಿಂಗಯ್ಯನವರು ಮೇಲುವಸ್ತ್ರ ಸರಿಮಾಡಿಕೊಂಡು ತೀರ್ಪು ಕೊಟ್ಟರು. "ಆಗ್ಲವ್ವ. ಸಂಕ್ರಾಂತಿ ಹೊತ್ಗೆ ಮಗೀಗೆ ಎಣಿಸಕ್ಕೆ, ಕೂಡಕ್ಕೆ ಬರ್ಬೇಕು. ನಾನೇ ನೋಡ್ತೀನಿ. ಬರ್ಲಿಲ್ವಾ, ಮಾರನೇ ದಿನಾನೇ ವ್ಯಾನು."

ಕಲಿಸುವುದು ಜೀವಿತಾ, ಯಾವ ಪಾಠ ಕಲಿಸಬೇಕೆಂದು ಆರಿಸುವುದು ತಾನು ಎಂದು ಯೋಗೀಶ್ ಕೆಲಸ ಹಂಚಿದ. ಸರ್ಕಾರಿ ಶಾಲೆಯ ಒಂದನೇ ತರಗತಿ ಪುಸ್ತಕ ಸಾಕು ಎಂದಳು ಜೀವಿತಾ. "ಸ್ಯಾಂಪಲ್ ನೋಡ್ದೆ ಮಾಲು ತಗೋತಾರಾ?" ಎಂದು ಅವನು ಎಲ್ಲೆಲ್ಲಿಂದಲೋ ಗಣಿತದ ಪಾಠಗಳನ್ನು ತರಿಸಿದ. ಒಂದರಲ್ಲಿ ಮರದ ಮಣಿಗಳು, ಇನ್ನೊಂದರಲ್ಲಿ ಸಿಂಗಪುರದ ಪದ್ಧತಿ. ಮೂರನೆಯದು ಆ್ಯಪು, ಉತ್ತರ ಸರಿಯಾದರೆ ನವಿಲೊಂದು ಚಪ್ಪಾಳೆ ತಟ್ಟುತ್ತಿತ್ತು. ಯೋಗೀಶ್ ನವಿಲಿನ ಮುಂದೆ ಕೂತು ತಾನೇ ಚಪ್ಪಾಳೆ ತಟ್ಟಿಸಿಕೊಂಡ.

ಹೋಟೆಲ್ಲಿನಲ್ಲಿ ಗೆಳೆಯ ಪರಮೇಶನಿಗೆ ಉಪನ್ಯಾಸವೂ ಆಯಿತು. "ಮಗ್ಗಿ ಎಲ್ಲ ಹಳೇದು ಕಣ್ಲಾ. ಈಗ ಕಾನ್ಸೆಪ್ಟು ಮುಖ್ಯ."

"ಹಂಗಂದ್ರೆ?"

"ಒಳಗಡೆ ಇರೋದು."

"ಯಾತರ ಒಳಗಡೆ ಲಾ?"

"ಟೀ ಆರೋಯ್ತದೆ, ಕುಡಿ" ಎಂದ ಯೋಗೀಶ್.

ಆರಿಸುವುದರಲ್ಲೇ ದೀಪಾವಳಿ ಕಳೆಯಿತು. ಜೀವಿತಾ ಮಾತ್ರ ಕಾಯದೆ ಹುಣಿಸೆಬೀಜ ಹರಡಿಕೊಂಡು ಮಗಳಿಗೆ ಹೇಳಿಕೊಡುತ್ತಿದ್ದಳು.

ಸಂಕ್ರಾಂತಿ ಹತ್ತಿರ ಬಂದಾಗ ಯೋಗೀಶ್ ಗಣಿತ ಕಲಿಸುವ ಒಂದು ಕಂಪನಿಯನ್ನು ಗೊತ್ತುಮಾಡಿದ. ಅವರ ಮೇಷ್ಟ್ರು ಸೂರ್ಯಪ್ರಕಾಶ್ ಫೋನಿನಲ್ಲೇ ಮುಖ ತೋರಿಸಿ ಮಗುವನ್ನು ಪರೀಕ್ಷಿಸುತ್ತಾರಂತೆ. ತಮ್ಮ ಪರೀಕ್ಷೆಯೂ ಅದರಲ್ಲೇ ಮುಗಿಯಲಿ ಎಂದರು ಶಂಭುಲಿಂಗಯ್ಯ. ಭಾನುವಾರ ಹಜಾರದಲ್ಲಿ ಅವರು ಕುರ್ಚಿಯಲ್ಲಿ, ವರ್ಷಿಣಿ ಹುಣಿಸೆಬೀಜ ಇಟ್ಟುಕೊಂಡು ಚಾಪೆಯ ಮೇಲೆ. ಜೀವಿತಾ ಕಂಬ ಹಿಡಿದು ನಿಂತಿದ್ದಳು.

"ನಂಗೆ ಐದು ಬೀಜ ಎಣಿಸಿ ಕೊಡು ಪುಟ್ಟ" ಎಂದರು ಮೇಷ್ಟ್ರು. ವರ್ಷಿಣಿ ಆರು ಇಟ್ಟಳು. "ಹತ್ತು ಕೊಡು ನೋಡೋಣ." ಹನ್ನೊಂದು ಇಟ್ಟಳು.

"ನಂಬರ್ ಸೆನ್ಸ್ ತುಂಬಾ ವೀಕಿದೆ ಸರ್. ಕೆಳಗಿನ ಲೆವೆಲ್ಲಿಂದ ಶುರು ಮಾಡ್ಬೇಕು. ದೊಡ್ಡ ಪ್ಯಾಕೇಜೇ ತಗೊಳ್ಳಿ."

ಯೋಗೀಶ್ ತನಗೆ ಮೊದಲೇ ಗೊತ್ತಿತ್ತು ಎನ್ನುವಂತೆ ತಲೆಯಾಡಿಸಿದ. "ನಾಳೆ ವ್ಯಾನಿನೋನ್ಗೆ ಹೇಳ್ಲಾ ಯೋಗಿ" ಎಂದರು ಶಂಭುಲಿಂಗಯ್ಯ.

ಜೀವಿತಾಳ ಮುಖ ಬಾಡಿತು. ನಿನ್ನೆ ತಾನೇ ನೂರರ ತನಕ ಸರಿಯಾಗಿ ಎಣಿಸಿದ ಮಗು! ಮಗಳ ಪಕ್ಕ ಕೂತು ಬೀಜಗಳನ್ನು ನೋಡಿದಳು. ಹತ್ತು ಒತ್ತಾಗಿದ್ದವು, ಒಂದು ಮಾತ್ರ ಸ್ವಲ್ಪ ಆಚೆಗಿತ್ತು.

"ಇದ್ಯಾವುದೇ ವರ್ಷಿ?"

"ಅದು ಕೊಸರು ಕಣಮ್ಮ. ತೋಟದಲ್ಲಿ ಕಾಯಿ ಎಣಿಸಿ ಕೊಟ್ಮೇಲೆ ತಾತ ಒಂದು ಹಾಕ್ತಾರಲ್ಲ. ಕೊಸರಿಲ್ದೆ ಕೊಡೋದು ಮರ್ಯಾದೆ ಅಲ್ಲ ಅಂತ ತಾತಾನೇ ಹೇಳವ್ರೆ."

ಎಲ್ಲರೂ ಕುರ್ಚಿಯ ಕಡೆ ತಿರುಗಿದರು. ಶಂಭುಲಿಂಗಯ್ಯನವರು ಸೂರು ನೋಡುತ್ತಿದ್ದರು.

"ಒಬ್ರಿಗೆ ಐದು, ಇನ್ನೊಬ್ರಿಗೆ ಮೂರು ಕೊಟ್ರೆ ಎಷ್ಟಾಯ್ತು?" ಜೀವಿತಾ ಕೇಳಿದಳು.

"ಲೆಕ್ಕಕ್ಕೆ ಎಂಟು. ಕೈಯಿಂದ ಹೋಗಿದ್ದು ಹತ್ತು."

ಶಂಭುಲಿಂಗಯ್ಯನವರ ಮೀಸೆಯೊಳಗಿಂದ ನಗೆ ಹೊರಟಿತು. ಕುರ್ಚಿಯನ್ನು ಫೋನಿನ ಹತ್ತಿರಕ್ಕೆ ಎಳೆದುಕೊಂಡರು. "ಏನ್ ಮೇಷ್ಟ್ರೇ, ನಿಮ್ಮ ಗಣಿತದಲ್ಲಿ ಕೊಸರೇ ಇಲ್ವಾ?"

"ಅದು ಯಾವ ಲೆವೆಲ್ಲಿನದು ಸರ್?"

"ಲೇ ಯೋಗಿ, ಇಂಥ ಜಿಪುಣರ ಲೆಕ್ಕ ನಮ್ಮನೆಗೆ ಬ್ಯಾಡ. ಫೋನ್ ಮಡುಗ್ಲಾ."

"ಮಾವ, ವ್ಯಾನು...?"

"ಯಾವ ವ್ಯಾನವ್ವ? ಬುಡು ಅತ್ಲಾಗೆ! ಈ ಮಗು ಮನೇಲೇ ಕಲೀಲಿ. ಪಾಠ ಯಾವ್ದು ಅಂತ ನೀನೇ ನೋಡ್ಕೊ."

ಜೀವಿತಾ ಒಳಗಿನಿಂದ ಸರ್ಕಾರಿ ಪುಸ್ತಕ ತಂದಳು. ಯೋಗೀಶ್ ಅದನ್ನು ತಿರುವಿ ಹಾಕಿ, "ನಾನೂ ಇದನ್ನೇ ಹೇಳ್ಬೇಕು ಅಂತಿದ್ದೆ" ಎಂದ. ಯಾರೂ ಅವನ ಕಡೆ ನೋಡಲಿಲ್ಲ. ಮಣಿ ಡಬ್ಬಿಗಳನ್ನು ವಾಪಸ್ ಕಳಿಸಲು ಕಟ್ಟುತ್ತಾ ಕೂತ.

"ಅಂಗಡೀಲಿ ಐದು ಮಾವಿನಹಣ್ಣಿದ್ದವು. ಎರಡು ಮಾರಿದರೆ ಉಳಿದದ್ದೆಷ್ಟು?" ಓದಿದಳು ಜೀವಿತಾ.

"ಎರಡು" ಎಂದಳು ವರ್ಷಿಣಿ.

"ಸರಿಯಾಗೇ ಹೇಳ್ತು!" ಕುರ್ಚಿಯಿಂದ ದನಿ ಬಂತು.

ಜೀವಿತಾ ಪುಸ್ತಕ ಕೆಳಗಿಟ್ಟಳು. "ಮಾವ, ನೀವೂ ಇಲ್ಲಿ ಬಂದು ಕೂತ್ಕಳಿ. ಪುಸ್ತಕದಲ್ಲಿ ಕೊಸರು ಇರಲ್ಲ ಅಂತ ಮೊದಲು ನಿಮಗೆ ಕಲಿಸ್ಬೇಕು."

ಶಂಭುಲಿಂಗಯ್ಯನವರು ಮಂಡಿ ಹಿಡಿದುಕೊಂಡು ಇಳಿದು ಬಂದು, ಮೊಮ್ಮಗಳ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತರು. ಸ್ವಲ್ಪ ಯೋಚಿಸಿ ಕೈಯೆತ್ತಿದರು.

"ಹಂಗಾದ್ರೆ ಹಣ್ಣು ತಗೊಂಡೋನು ಸುಮ್ಕೆ ಹೊಂಟೋದ್ನಾ, ಮಿಸ್ಸು?"