ದೊಡ್ಡೋನು

ನಿನ್ನೆ ಮಗನೊಂದಿಗೆ ಮೃಗಾಲಯಕ್ಕೆ ಹೋಗಿದ್ದೆ. ಫಿನಾಯಿಲ್ ಮತ್ತು ಹಸಿ ಮಾಂಸದ ವಾಸನೆ ಒಟ್ಟಿಗೆ ಮೂಗಿಗೆ ಬಡಿದಾಗ ಅಂತರಸಂತೆಯ ಅಜ್ಜಿ ನೆನಪಾದಳು.

ಅಲ್ಲಿನ ಕಾಡಂಚಿನ ನಮ್ಮ ಮನೆಯಲ್ಲಿ ಯಾರೂ ಹುಲಿಯ ಹೆಸರೆತ್ತುತ್ತಿರಲಿಲ್ಲ. ಕೊಟ್ಟಿಗೆಯ ಕರುವನ್ನು ಅದು ಎಳೆದೊಯ್ದ ದಿನವೂ ಅಜ್ಜಿ "ದೊಡ್ಡೋನು ಬಂದೋಗವ್ನೆ" ಎಂದಷ್ಟೇ ಹೇಳಿದಳು. ನಾನು ಬಾಯ್ತಪ್ಪಿ ಹುಲಿ ಎಂದರೆ ಸೆರಗಿನಿಂದ ನನ್ನ ಬಾಯಿ ಮುಚ್ಚುತ್ತಿದ್ದಳು. "ಎಸ್ರು ಏಳ್ಬ್ಯಾಡ ಕಣವ್ವ, ಅವ್ನಿಗೆ ಕೇಳುಸ್ತದೆ."

ಒಮ್ಮೆ ಅಪ್ಪ ನಮ್ಮಿಬ್ಬರನ್ನೂ ದೂರದ ಊರಿನ ಹಳೆಯ ಮೃಗಾಲಯವೊಂದಕ್ಕೆ ಕರೆದೊಯ್ದಿದ್ದರು. ಸಿಮೆಂಟ್ ನೆಲ, ತುಕ್ಕು ಹಿಡಿದ ಸರಳು, ಮೂಲೆಯಲ್ಲಿ ಒಣಗಿದ ಮೂಳೆ. ಹುಲಿ ಗೋಡೆಯಿಂದ ಗೋಡೆಗೆ ತಿರುಗುತ್ತಲೇ ಇತ್ತು. ಸರಳಿಗೆ ಉಜ್ಜಿ ಉಜ್ಜಿ ಮೂತಿ ಹುಣ್ಣಾಗಿತ್ತು. ಯಾರೋ ಕಡಲೆಕಾಯಿ ಸಿಪ್ಪೆ ಎಸೆದರೂ ತಲೆ ಎತ್ತಲಿಲ್ಲ. ಕೈಮುಗಿಯಲೆಂದು ಚಪ್ಪಲಿ ಬಿಟ್ಟು ನಿಂತಿದ್ದ ಅಜ್ಜಿ ಬಹಳ ಹೊತ್ತು ನೋಡಿ, ಕೈಮುಗಿಯದೆ ಚಪ್ಪಲಿ ಮೆಟ್ಟಿಕೊಂಡಳು.

"ಇದು ಬರೀ ಉಲಿ ಕಣವ್ವ, ನಡಿ."

ಆ ಹೆಸರನ್ನು ಅವಳ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ನಿನ್ನೆ ನೋಡಿದ ಮೃಗಾಲಯಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಇಲ್ಲಿ ಎಕರೆಗಟ್ಟಲೆ ಹುಲ್ಲು, ಬಿದಿರು ಮೆಳೆ, ಕೊಳ, ನೋಡುವವರಿಗೆ ಗಾಜಿನ ಗೋಡೆ. ಹುಲಿಯನ್ನು ಅಂತರಸಂತೆ ಕಡೆಯ ಕಾಡಂಚಿನಲ್ಲಿ ಹಿಡಿದದ್ದಂತೆ, ಕಾವಲಿನವನು ಹೇಳಿದ. ಅಂದರೆ ನಮ್ಮ ಕಡೆಯದೇ. ಅಷ್ಟು ಜಾಗವಿದ್ದರೂ ಅದು ಮಾಂಸ ಹಾಕುವ ಬಾಗಿಲ ಮುಂದೆಯೇ ಅತ್ತಿಂದಿತ್ತ ನಡೆಯುತ್ತಿತ್ತು. ಅಲ್ಲಿ ಹುಲ್ಲು ಸವೆದು ಬರೀ ಮಣ್ಣು ಉಳಿದಿತ್ತು.

ಮಗ ಗಾಜು ಬಡಿಯುತ್ತಾ "ಹುಲಿ, ಹುಲಿ" ಎಂದು ಕೂಗಿದ. ಅದು ತಿರುಗಿ ನೋಡಲಿಲ್ಲ.